ಪ್ರತಿ ಪೀಸೂ ಚೆಕ್ ಮಾಡಿ ಆಫ್‌ಸೆಟ್ ಕೊಟ್ರೂ ಬೋರ್ ಸೈಜ್ ನಿಲ್ತಿಲ್ಲ, ಕ್ಯಾಮ್ ಪ್ರೋಗ್ರಾಂ ತಪ್ಪಾ?

ಹೊಸೂರು_ಟರ್ನರ್:
ಎಲ್ಲರಿಗೂ ನಮಸ್ಕಾರ. ಹೊಸೂರು ಸಿಪ್‌ಕಾಟ್‌ನಲ್ಲಿ ಒಂದು ಜಾಬ್ ಶಾಪಲ್ಲಿ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಓಡೋ ಮೆಷಿನ್) ಸೆಲ್ ನೋಡ್ಕೊತೀನಿ. ಒಂದು ಕಾಂಪೊನೆಂಟ್ ತಲೆ ತಿಂತಾ ಇದೆ, ಗೊತ್ತಿರೋರು ದಾರಿ ತೋರ್ಸಿ.

ಅಲ್ಯೂಮಿನಿಯಂ ಡೈ ಕಾಸ್ಟಿಂಗ್ ಹೌಸಿಂಗ್, ಅದ್ರಲ್ಲಿ ಬೇರಿಂಗ್ ಕೂರೋ ಬೋರ್ (ಒಳಗಿನ ದುಂಡು ತೂತು) 62 ಎಚ್7, ಅಂದ್ರೆ 62.000 ಇಂದ 62.030 ಮಿಲಿಮೀಟರ್ ಒಳಗೆ ಬರ್ಬೇಕು. ಸರ್ಕ್ಯುಲಾರಿಟಿ, ಅಂದ್ರೆ ಎಷ್ಟು ದುಂಡಗಿರ್ಬೇಕು ಅನ್ನೋದು, 10 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಕೊಟ್ಟಿದ್ದಾರೆ. ಸಿಎನ್‌ಸಿ ಲೇತ್, ಹೈಡ್ರಾಲಿಕ್ ತ್ರೀ ಜಾ ಚಕ್ (ಪೀಸನ್ನ ಮೂರು ದವಡೆಯಲ್ಲಿ ಹಿಡಿಯೋದು). ಮೊದ್ಲು ಹಳೇ ಸೆಟ್ಟರ್ ಒಬ್ರು ಕೈಯಲ್ಲೇ ಬರೆದ ಪ್ರೋಗ್ರಾಂ ಓಡ್ತಿತ್ತು, ಅವ್ರು ರಿಟೈರ್ ಆದ್ಮೇಲೆ ಕ್ಯಾಮ್ (ಕಂಪ್ಯೂಟರಲ್ಲಿ ಮೆಷಿನ್ ಪ್ರೋಗ್ರಾಂ ಮಾಡೋ) ಸಾಫ್ಟ್‌ವೇರಲ್ಲಿ ಹೊಸದಾಗಿ ಮಾಡ್ಸಿದ್ರು, ಸೈಕಲ್ ಟೈಮ್ ಚೆನ್ನಾಗೇ ಇಳೀತು. ಈಗ ಕಸ್ಟಮರ್ ಪಿಪಿಎಪಿಗೆ (ಪಾರ್ಟ್ ಒಪ್ಪಿಗೆಯ ದಾಖಲೆ) ಸಿಪಿಕೆ (ಟಾಲರೆನ್ಸ್ ಒಳಗೆ ಸೈಜ್ ಎಷ್ಟು ಚೆನ್ನಾಗಿ ನಿಲ್ಲುತ್ತೆ ಅನ್ನೋ ಅಂಕ) 1.67 ಕೇಳ್ತಿದ್ದಾರೆ, ನಮಗೆ 1.1 ಮೇಲೆ ಏಳ್ತಾನೇ ಇಲ್ಲ. ಆಪರೇಟರ್ ಹುಡುಗ್ರು ಪ್ರತಿ ಪೀಸೂ ಬೋರ್ ಗೇಜಲ್ಲಿ ನೋಡ್ತಾರೆ, 3 ಮೈಕ್ರಾನ್ ಆ ಕಡೆ ಈ ಕಡೆ ಆದ್ರೂ ತಕ್ಷಣ ವೇರ್ ಆಫ್‌ಸೆಟ್ (ಟೂಲನ್ನ ಸ್ವಲ್ಪ ಸರಿಸೋ ತಿದ್ದುಪಡಿ) ಕೊಡ್ತಾರೆ. ಇಷ್ಟೆಲ್ಲಾ ಮಾಡಿ ಓಕೆ ಅಂತ ಕಳ್ಸಿದ ಪೀಸು ಅಲ್ಲಿ ಸಿಎಂಎಂನಲ್ಲಿ (ಪಾಯಿಂಟ್ ಪಾಯಿಂಟಾಗಿ ಮುಟ್ಟಿ ಅಳೆಯೋ ಮೆಷಿನ್) ಸರ್ಕ್ಯುಲಾರಿಟಿ ಔಟ್ ಅಂತ ವಾಪಸ್ ಬರ್ತಿದೆ. ಆಫೀಸಲ್ಲಿ ಎಲ್ರೂ ಕ್ಯಾಮ್ ಪ್ರೋಗ್ರಾಂ ಮೇಲೆ ಬೆರಳು ತೋರಿಸ್ತಿದ್ದಾರೆ. ನನಗ್ಯಾಕೋ ಅದು ಒಪ್ತಿಲ್ಲ.

ಕುಂಬಳೆ_ಕ್ಯಾಮ್:
ಅಣ್ಣ, ನಾನು ಕಾಸರಗೋಡಿನವ, ಮಂಗ್ಳೂರಲ್ಲಿ ಕ್ಯಾಮ್ ಪ್ರೋಗ್ರಾಮಿಂಗ್ ಮಾಡುದು. ಒಂದು ವಿಷಯ ಮೊದಲೇ ಹೇಳ್ತೇನೆ, ಪ್ರೋಗ್ರಾಂ ತಪ್ಪಿದ್ರೆ ಎಲ್ಲಾ ಪೀಸಿಗೂ ಒಂದೇ ತಪ್ಪು ಬರ್ಬೇಕಲ್ಲ. ಮೆಷಿನ್ ಓದುದು ಅದೇ ಜಿ ಕೋಡ್, ಒಂದ್ ಪೀಸಿಗೆ ಒಂದು ರೀತಿ ಇನ್ನೊಂದಕ್ಕೆ ಇನ್ನೊಂದು ರೀತಿ ಓದ್ಲಿಕ್ಕೆ ಅದಕ್ಕೆ ಗೊತ್ತಿಲ್ಲ. ಸೈಜ್ ಪೀಸಿಂದ ಪೀಸಿಗೆ ಕುಣಿತದೆ ಅಂದ್ರೆ ಬೇರೆ ಎಂತದೋ ಉಂಟು.

ಆದ್ರೂ ಫಿನಿಶಿಂಗ್ ಫೀಡ್ (ಒಂದು ಸುತ್ತಿಗೆ ಟೂಲು ಮುಂದೆ ಹೋಗುವ ದೂರ) ಒಮ್ಮೆ ನೋಡಿ. ಕ್ಯಾಮ್‌ನಲ್ಲಿ ಟೆಂಪ್ಲೇಟ್ ಫೀಡ್ ಹಾಗೇ ಬಿಟ್ಟು ಪೋಸ್ಟ್ ಮಾಡುವವರು (ಮೆಷಿನಿನ ಕೋಡಿಗೆ ಬದ್ಲಾಯಿಸುವವರು) ತುಂಬಾ ಜನ. ಸರ್ಫೇಸಿನ ಏರು ತಗ್ಗು ಅಂದಾಜಿಗೆ ಫೀಡನ್ನು ಅದರಿಂದಲೇ ಗುಣಿಸಿ, 8 ಪಟ್ಟು ನೋಸ್ ರೇಡಿಯಸ್‌ನಿಂದ (ಟೂಲಿನ ತುದಿಯ ದುಂಡು) ಭಾಗಿಸಿ. 0.4 ನೋಸಿಗೆ 0.1 ಫೀಡ್ ಕೊಟ್ರೆ 3 ಮೈಕ್ರಾನ್ ಚಿಲ್ಲರೆ, ಅದೇ 0.2 ಕೊಟ್ರೆ ಹನ್ನೆರಡೂವರೆ. ಫೀಡ್ ಡಬಲ್ ಆದ್ರೆ ಗೆರೆಯ ಎತ್ತರ ನಾಕು ಪಟ್ಟು. ಬೋರ್ ಗೇಜ್ ಕೂರುದು ಆ ಗೆರೆಗಳ ತುದಿ ಮೇಲೆ, ಬೇರಿಂಗ್ ಒತ್ತಿ ಕೂರಿಸುವಾಗ ಆ ತುದಿ ಜಜ್ಜಿ ಹೋಗ್ತದೆ, ಆಮೇಲೆ ಫಿಟ್ ಲೂಸ್.

ಮತ್ತೆ ಹಳೇ ಪ್ರೋಗ್ರಾಂ ಉಂಟಾ? ಎರಡನ್ನೂ ಪಕ್ಕ ಪಕ್ಕ ಇಟ್ಟು ಸಾಲು ಸಾಲಾಗಿ ಓದಿ.

ಮಡಕಶಿರಾ_ಕ್ಯೂಎ:
ನಾನು ಪೆನುಕೊಂಡ ಕಡೆ ಒಂದು ಆಟೋ ಪಾರ್ಟ್ಸ್ ಕಂಪನಿಯಲ್ಲಿ ಕ್ವಾಲಿಟಿ. ಸಿಪಿಕೆ ಲೆಕ್ಕಕ್ಕೆ ಕೂರೋ ಮುಂಚೆ ಗೇಜ್ ನಂಬಬಹುದಾ ಅಂತ ನೋಡ್ಬೇಕು ಅಣ್ಣ. ಗೇಜ್ ಆರ್ ಅಂಡ್ ಆರ್ (ಗೇಜೂ ಅಳೆಯೋರೂ ಪ್ರತಿ ಸಲ ಒಂದೇ ರೀಡಿಂಗ್ ಕೊಡ್ತಾರಾ ಅನ್ನೋ ಪರೀಕ್ಷೆ) ಯಾವಾಗ ಮಾಡಿದ್ದು? ಹತ್ತು ಪೀಸು, ಮೂರು ಜನ ಆಪರೇಟರು, ಪ್ರತಿಯೊಬ್ರೂ ಎರಡು ಮೂರು ಸಲ, ಯಾವ ಪೀಸು ಯಾವ್ದು ಅಂತ ಅವರಿಗೆ ಗೊತ್ತಾಗದ ಹಾಗೆ ಕೊಟ್ಟು ಮಾಡ್ಸಿ. 10 ಪರ್ಸೆಂಟ್ ಒಳಗೆ ಬಂದ್ರೆ ಚೆನ್ನಾಗಿದೆ, 30 ದಾಟಿದ್ರೆ ಆ ಗೇಜ್ ಇಟ್ಕೊಂಡು ತಗೊಂಡ ಯಾವ ತೀರ್ಮಾನಕ್ಕೂ ಬೆಲೆ ಇಲ್ಲ, ನಡುವೆ ಬಂದ್ರೆ ಕಸ್ಟಮರ್ ಜೊತೆ ಮಾತಾಡ್ಬೇಕು. ಆಡಿಟ್ ಹಿಂದಿನ ದಿನ ಡೆಸ್ಕಲ್ಲಿ ಕೂತು ಶೀಟ್ ತುಂಬ್ಸೋದನ್ನ ನಾನು ಆರ್ ಅಂಡ್ ಆರ್ ಅಂತ ಒಪ್ಪಲ್ಲ, ನಿಜವಾಗ್ಲೂ ಮಾಡ್ಸಿ.

ಎರಡನೇದು ಬಿಸಿ. ಎಷ್ಟೋ ಕಡೆ ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. ಡ್ರಾಯಿಂಗಲ್ಲಿ ಇರೋ ಸೈಜು 20 ಡಿಗ್ರಿಗೆ. ಅಲ್ಯೂಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತೆ, ಸ್ಟೀಲು ಅದರ ಅರ್ಧ. ನಿಮ್ಮ 62 ಬೋರು ಹತ್ತು ಡಿಗ್ರಿ ಬಿಸಿ ಇದ್ರೆ 14 ಮೈಕ್ರಾನ್ ದೊಡ್ಡದು ತೋರ್ಸುತ್ತೆ, ಅಂದ್ರೆ ನಿಮ್ಮ 30 ಮೈಕ್ರಾನ್ ಟಾಲರೆನ್ಸಲ್ಲಿ ಹತ್ರ ಹತ್ರ ಅರ್ಧ ಬರೀ ಬಿಸಿಗೇ ಹೋಯ್ತು. ಪೀಸು ಮೆಷಿನಿಂದ ತೆಗೆದ ತಕ್ಷಣ ಗೇಜ್ ಹಾಕ್ತಾರಾ? ಸೆಟ್ಟಿಂಗ್ ರಿಂಗ್ (ಗೇಜನ್ನ ಸೊನ್ನೆಗೆ ಕೂರ್ಸೋ ರಿಂಗ್) ಎಲ್ಲಿ ಇಟ್ಟಿರ್ತಾರೆ, ಮೆಷಿನ್ ಪಕ್ಕದಲ್ಲಾ ಇಲ್ಲ ಎಸಿ ರೂಮಲ್ಲಾ? ಪೀಸು ಬಿಸಿ, ರಿಂಗು ತಣ್ಣಗೆ ಅಂದ್ರೆ ಬರೋ ಪ್ರತಿ ರೀಡಿಂಗೂ ತಪ್ಪು. ಆ ತಪ್ಪು ರೀಡಿಂಗ್ ನೋಡಿ ಆಫ್‌ಸೆಟ್ ಕೊಟ್ರೆ, ಪೀಸು ತಣ್ಣಗಾದ್ಮೇಲೆ ಅಂಡರ್‌ಸೈಜ್.

ಬಾಗಲೂರು_ಸೆಟ್ಟರ್:
ಎಲ್ಲಾ ಸರಿ ಮೇಡಂ, ಪ್ರೊಡಕ್ಷನ್ ಟಾರ್ಗೆಟ್ ಇರೋ ಕಡೆ ಪ್ರತಿ ಪೀಸೂ ತಣ್ಣಗಾಗೋ ತನಕ ಕಾಯೋಕೆ ಆಗುತ್ತಾ? ಒಂದು ಪೀಸು ತಣ್ಣಗಾಗೋ ಅಷ್ಟರಲ್ಲಿ ಇನ್ನೆಷ್ಟು ಪೀಸು ಆಗೋಗಿರುತ್ತೆ. ಶಾಪ್‌ಫ್ಲೋರಲ್ಲಿ ನಿಂತೋರಿಗೇ ಗೊತ್ತು.

ಮಡಕಶಿರಾ_ಕ್ಯೂಎ:
ಕಾಯೋದು ಬೇಡ ಅಣ್ಣ. ಕೂಲೆಂಟ್ ಟ್ಯಾಂಕಿಗೆ ಚಿಲ್ಲರ್ ಇದ್ರೆ ಪೀಸು ಬಿಸಿಯಾಗೋದೇ ಕಮ್ಮಿ. ಇಲ್ದಿದ್ರೆ ಸ್ಟೀಲ್ ರಿಂಗ್ ಬದ್ಲು ಅದೇ ಅಲ್ಯೂಮಿನಿಯಂನ ಒಂದು ಮಾಸ್ಟರ್ ಪೀಸು ಮಾಡ್ಸಿ, ಸಿಎಂಎಂನಲ್ಲಿ 20 ಡಿಗ್ರಿಗೆ ಅಳ್ದು ಬರ್ಸಿಟ್ಟು, ಅದನ್ನ ಅದೇ ಕೂಲೆಂಟ್ ಬೀಳೋ ಜಾಗದಲ್ಲೇ ಇಡಿ. ಪೀಸೂ ಮಾಸ್ಟರೂ ಒಂದೇ ಬಿಸಿಯಲ್ಲಿದ್ರೆ ಒಟ್ಟಿಗೇ ಹಿಗ್ಗುತ್ತೆ ಒಟ್ಟಿಗೇ ಕುಗ್ಗುತ್ತೆ, ವ್ಯತ್ಯಾಸ ಮಾತ್ರ ನೋಡ್ಕೊಂಡ್ರೆ ಸಾಕು.

ಜತ್ತ_ಮಷಿನ್‌ಶಾಪ್:
ನಮಸ್ಕಾರ್ರಿ. ನಾವು ಜತ್ತ ತಾಲೂಕಿನವ್ರು, ಕೆಲಸಾ ಕೊಲ್ಹಾಪುರ ಶಿರೋಳಿ ಎಂಐಡಿಸಿ ಒಳಗ, ಕಾಸ್ಟಿಂಗ್ ಮಷಿನಿಂಗು. ಮ್ಯಾಲೆ ಎಲ್ಲಾರೂ ಸೈಜ್ ಸೈಜ್ ಅನ್ನಾಕತ್ತೀರಿ, ನನಗ ಕಣ್ಣಿಗೆ ಬಿದ್ದಿದ್ದು ಸರ್ಕ್ಯುಲಾರಿಟಿ. ನಿಮ್ಮ ಬೋರ್ ಗೇಜ್ ಟೂ ಪಾಯಿಂಟ್ (ಎದರಾ ಬದರಾ ಎರಡ ಕಡೆ ಮುಟ್ಟಿ ಅಳಿಯೂದು) ಐತೇನ್ರಿ? ಗ್ವಾಡಿ ಎಷ್ಟು ದಪ್ಪ ಐತಿ? ರಫ್ಫಿಂಗು ಫಿನಿಶಿಂಗು ಒಂದ ಕ್ಲಾಂಪಿನ್ಯಾಗ ಮಾಡ್ತೀರೇನು?

ಯಾಕ ಕೇಳಾಕತ್ತೇನಿ ಅಂದ್ರ, ತೆಳು ಗ್ವಾಡಿ ಪೀಸನ್ನ ಮೂರು ಜಾ ಒಳಗ ಜೋರಾಗಿ ಹಿಡದ್ರ ಬಳಿ ಒತ್ತಿದಂಗ ಮೂರು ಕಡೆ ಒಳಗ ಬರ್ತೈತಿ. ಹಂಗ ಬಗ್ಗಿದ ಪೀಸಿನೊಳಗ ನೀವು ಚೊಲೋ ದುಂಡಗ ಬೋರ್ ಹೊಡೀತೀರಿ, ಮೆಷಿನ್ ಮ್ಯಾಲೆ ಡಯಲ್ ಹಚ್ಚಿ ನೋಡಿದ್ರೂ ದುಂಡಗನ ಇರ್ತೈತಿ. ಜಾ ಬಿಚ್ಚಿದ ಕೂಡಲೇ ಗ್ವಾಡಿ ತನ್ನ ಜಾಗಾಕ್ಕ ಹೋಗ್ತೈತಿ, ಬೋರು ಮೂರು ಮೂಲಿ ಆಗ್ತೈತಿ. ಈಗ ಮಜಾ ನೋಡ್ರಿ, ಮೂರು ಮೂಲಿ ಬೋರನ್ನ ಟೂ ಪಾಯಿಂಟ್ ಗೇಜ್ ಹಿಡಿಯೂದಿಲ್ಲ. ಒಂದು ಕಡೆ ಉಬ್ಬು ಇದ್ದಲ್ಲಿ ಅದರ ಎದರಾ ತಗ್ಗು ಇರ್ತೈತಿ, ಎಲ್ಲಿ ತಿರುಗಿಸಿದ್ರೂ ಡಯಾಮೀಟರ್ ಹೆಚ್ಚು ಕಡಿಮಿ ಅಷ್ಟ ಬರ್ತೈತಿ. ನೀವು ಓಕೆ ಅಂತೀರಿ, ಸಿಎಂಎಂ ಸುತ್ತ ಪಾಯಿಂಟ್ ತಗೊಂಡು ನೋಡ್ತೈತಿ, ಅದು ಔಟ್ ಅಂತೈತಿ. ಇಬ್ರೂ ಸುಳ್ಳು ಹೇಳಾಕತ್ತಿಲ್ಲ.

ಒಂದು ತ್ರೀ ಪಾಯಿಂಟ್ ಬೋರ್ ಮೈಕ್ರೋಮೀಟರ್ ತಗೊಂಡು ಬೋರಿನೊಳಗ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡ್ರಿ. ರೀಡಿಂಗ್ ಏರಿ ಇಳದ್ರ ಇದ ರೋಗ.

ಹೊಸೂರು_ಟರ್ನರ್:
ಜತ್ತದ ಅಣ್ಣಾವ್ರೆ, ನೀವು ಇಲ್ಲೇ ನಿಂತು ನೋಡ್ದಂಗೆ ಹೇಳಿದ್ರಿ. ಟೂ ಪಾಯಿಂಟ್ ಗೇಜೇ. ಗೋಡೆ ಒಂದು ಕಡೆ 4 ಮಿಲಿಮೀಟರ್ ಅಷ್ಟೆ.

ಕುಂಬಳೆ ತಮ್ಮ ಹೇಳಿದ ಹಾಗೆ ಎರಡೂ ಪ್ರೋಗ್ರಾಂ ಪ್ರಿಂಟ್ ತೆಗೆದು ಟೇಬಲ್ ಮೇಲೆ ಹರಡಿ ಓದ್ದೆ. ಹಳೇದ್ರಲ್ಲಿ ರಫ್ ಬೋರಿಂಗ್ ಆದ್ಮೇಲೆ ಟೂಲ್ ಹಿಂದೆ ಹೋಗಿ ಒಂದು ಎಂ00 (ಮೆಷಿನ್ ನಿಲ್ಸೋ ಕೋಡ್) ಇದೆ. ಮುಂದೆ ಫಿನಿಶ್. ಪಕ್ಕದಲ್ಲಿ ಕಾಮೆಂಟ್ ಏನೂ ಇಲ್ಲ, ಬರೀ ಎಂ00. ಹೊಸ ಕ್ಯಾಮ್ ಪ್ರೋಗ್ರಾಂನಲ್ಲಿ ಅದು ಇಲ್ಲ, ರಫ್ಫಿಂಗಿಂದ ಸೀದಾ ಫಿನಿಶಿಂಗ್. ಹಳೇ ಆಪರೇಟರ್ ಒಬ್ರನ್ನ ಕೇಳಿದ್ರೆ ಅವ್ರು ಹೇಳಿದ್ದು, ಅಲ್ಲಿ ಮೆಷಿನ್ ನಿಂತಾಗ ಚಕ್ ಪ್ರೆಶರ್ ಇಳ್ಸಿ, ಪೀಸ್ ಒಂದ್ಸಲ ಬಿಟ್ಟು ಮೆಲ್ಲಗೆ ಹಿಡಿದು ಆಮೇಲೆ ಫಿನಿಶ್ ಹೊಡೀತಿದ್ವಿ ಅಂತ. ಸೆಟ್ಟರ್ ಸಾಹೇಬ್ರು ಬಾಯಲ್ಲಿ ಹೇಳ್ಕೊಟ್ಟಿದ್ರಂತೆ, ಎಲ್ಲೂ ಬರೆದಿಲ್ಲ. ಕ್ಯಾಮ್ ಮಾಡ್ದೋರಿಗೆ ಅದು ಸುಮ್ನೆ ಟೈಮ್ ವೇಸ್ಟ್ ಮಾಡೋ ಸ್ಟಾಪ್ ಥರ ಕಂಡಿದೆ. ಸೈಕಲ್ ಟೈಮ್ ಇಳಿದಿದ್ರಲ್ಲಿ ದೊಡ್ಡ ಪಾಲು ಅದೇ.

ಫೀಡೂ ಹೌದು, ಹಳೇದು 0.1, ಹೊಸದು 0.2.

ಕುಂಬಳೆ_ಕ್ಯಾಮ್:
ಇದನ್ನು ಓದಿ ನಂಗೆ ನಿಜವಾಗಿ ಬೇಜಾರಾಯ್ತು ಅಣ್ಣ, ಯಾಕಂದ್ರೆ ಇದು ಎಲ್ಲಾ ಕಡೆ ನಡೀತಾ ಉಂಟು. ನಮಗೆ ಕೊಡುದು ಮಾಡೆಲ್ ಮತ್ತು ಡ್ರಾಯಿಂಗ್ ಮಾತ್ರ. ಸಿಮ್ಯುಲೇಷನ್‌ನಲ್ಲಿ ಟೂಲು ಜಾಗೆ ಬಡಿತದಾ ಅಂತ ಕಾಣ್ತದೆ, ಜಾ ಒತ್ತಿ ಗೋಡೆ ಬಗ್ಗುದು ಕಾಣುದಿಲ್ಲ. ಸ್ಕ್ರೀನಿನಲ್ಲಿ ಇರುವ ಪೀಸು ಬಗ್ಗುದೇ ಇಲ್ಲ, ಬಿಸಿಯಾಗುದೂ ಇಲ್ಲ. ಹಾಗಾಗಿ ಹಳೇ ಪ್ರೋಗ್ರಾಮಿನ ಪ್ರತಿ ವಿಚಿತ್ರ ಸಾಲಿಗೂ ಒಂದು ಕಾರಣ ಇರ್ತದೆ ಅಂತಲೇ ತಿಳ್ಕೊಂಡು ಕೇಳ್ಬೇಕು, ತೆಗೆಯುವ ಮೊದಲು.

ಪ್ರತಿ ಪೀಸಿಗೂ ಕೈಯಲ್ಲಿ ಪ್ರೆಶರ್ ಇಳಿಸುದು ಈಗ ಬೇಡ. ಕೆಲವು ಲೇತಲ್ಲಿ ಎರಡು ಪ್ರೆಶರ್ ಚಕಿಂಗ್ ಆಪ್ಷನ್ ಬರ್ತದೆ, ಎಂ ಕೋಡಲ್ಲೇ ಬದ್ಲಾಯಿಸ್ಬಹುದು, ನಿಮ್ಮ ಮೆಷಿನಿನ ಮ್ಯಾನ್ಯುಯಲ್ ನೋಡಿ. ಇಲ್ಲದಿದ್ರೆ ರಫ್ ಒಂದು ಸೆಟಪ್ಪು, ಫಿನಿಶ್ ಇನ್ನೊಂದು ಸೆಟಪ್ಪು ಅಂತ ಕ್ಯಾಮಿನಲ್ಲೇ ಬೇರೆ ಮಾಡಿ.

ಇನ್ನೊಂದು. ಮೆಷಿನ್ ಹತ್ರ ನಿಂತು ಪ್ರೋಗ್ರಾಂ ಎಡಿಟ್ ಮಾಡಿದ್ರೆ ಅದು ವಾಪಸ್ ಕ್ಯಾಮ್ ಫೈಲಿಗೆ ಬರ್ಬೇಕು. ಇಲ್ಲಾಂದ್ರೆ ಮುಂದಿನ ಸಲ ಯಾರೋ ಮತ್ತೆ ಪೋಸ್ಟ್ ಮಾಡಿದ ದಿನ ಎಲ್ಲಾ ತಿದ್ದುಪಡಿ ಅಳಿಸಿ ಹೋಗ್ತದೆ. ಪ್ರೋಗ್ರಾಮೂ ಡ್ರಾಯಿಂಗಿನ ಹಾಗೇ ಒಂದು ಡಾಕ್ಯುಮೆಂಟು, ಅದಕ್ಕೂ ರಿವಿಷನ್ ನಂಬರ್ ಬೇಕು, ಯಾರು ಬದ್ಲಾಯಿಸಿದ್ದು ಯಾಕೆ ಅಂತ ಮೇಲೆ ಕಾಮೆಂಟಲ್ಲಿ ಬೇಕು.

ಜತ್ತ_ಮಷಿನ್‌ಶಾಪ್:
ಸಾಫ್ಟ್ ಜಾ (ಪೀಸಿಗೆ ತಕ್ಕಂಗ ಕೊರೆಯೂ ಮೆತ್ತನ ಜಾ) ಸುತ್ತ ಅಪ್ಪಿ ಹಿಡಿಯುವಂಗ ಅಗಲ ಮಾಡ್ಸ್ರಿ, ಪೈ ಜಾ ಅಂತಾರಲ್ಲ ಅದು. ಅದನ್ನ ಕೆಲಸದ ಪ್ರೆಶರಿನ್ಯಾಗ ಹಿಡಿದ ಬೋರ್ ಹೊಡೀರಿ, ಬರೀ ಸುಮ್ನ ಹೊಡದ್ರ ಆಮ್ಯಾಲೆ ಅದೂ ಬಗ್ತೈತಿ. ಪೀಸಿನ ಡಯಾಕ್ಕ ಜಾ ಡಯಾ ಕೂಡಬೇಕು. ಇಷ್ಟ ಮಾಡಿದ್ರ ಅರ್ಧ ರೋಗ ಹೋಗ್ತೈತಿ.

ತಾಳವಾಡಿ_ಎಸ್‌ಕ್ಯೂಸಿ:
ನಾನು ತಾಳವಾಡಿ ಕಡೆಯವನು, ಹೊಸೂರಲ್ಲೇ ಸರ್ವೀಸ್ ಮುಗಿಸಿ ಈಗ ಊರಲ್ಲಿದ್ದೀನಿ. ಸರ್ಕ್ಯುಲಾರಿಟಿಗೆ ಉತ್ತರ ಸಿಕ್ತು, ಸಂತೋಷ. ಆದ್ರೆ ಮೊದಲ ಪೋಸ್ಟಲ್ಲೇ ಇನ್ನೊಂದು ದೊಡ್ಡ ತೊಂದರೆ ಇದೆ, ಯಾರೂ ಅದನ್ನ ಹಿಡೀಲಿಲ್ಲ. ಪ್ರತಿ ಪೀಸಿಗೂ ಆಫ್‌ಸೆಟ್ ಕೊಡ್ತಾರೆ ಅಂದ್ರಲ್ಲ, ಅದು.

ಯಾವ ಮೆಷಿನಿಗಾದ್ರೂ ಅದರದ್ದೇ ಆದ ಒಂದು ಸಹಜ ಏರಿಳಿತ ಇರುತ್ತೆ. ಏನೂ ಮುಟ್ಟದೆ ಬಿಟ್ರೂ ಒಂದು ಪೀಸು 2 ಮೈಕ್ರಾನ್ ಮೇಲೆ, ಇನ್ನೊಂದು 3 ಕೆಳಗೆ. ಅದಕ್ಕೆ ಪ್ರತ್ಯೇಕ ಕಾರಣ ಹುಡುಕಿದ್ರೂ ಸಿಗಲ್ಲ. ಆಪರೇಟರ್ ಒಂದು ಪೀಸು 3 ಮೈಕ್ರಾನ್ ಮೇಲೆ ಬಂತು ಅಂತ 3 ಕೆಳಗೆ ಎಳೀತಾನೆ. ಮುಂದಿನ ಪೀಸು ಸಹಜವಾಗೇ ಕೆಳಗೆ ಬರೋದಿತ್ತು ಅಂತಿಟ್ಕೊಳಿ, ಈಗ ಇವನು ಎಳೆದಿದ್ದೂ ಸೇರಿ ಇನ್ನೂ ಕೆಳಗೆ. ಗಾಬರಿಯಾಗಿ ಮತ್ತೆ ಮೇಲಕ್ಕೆ. ಕ್ವಾಲಿಟಿ ಗುರು ಡೆಮಿಂಗ್ ಇದನ್ನೇ ಒಂದು ಫನಲ್ಲು ಗೋಲಿ ಇಟ್ಕೊಂಡು ತೋರಿಸ್ತಿದ್ರು. ಪ್ರತಿ ಸಲ ಗೋಲಿ ಎಷ್ಟು ದೂರ ಬಿತ್ತೋ ಅಷ್ಟು ಫನಲನ್ನ ಎದುರು ಕಡೆ ಸರಿಸ್ತಾ ಹೋದ್ರೆ ವೇರಿಯನ್ಸ್ (ಸಿಗ್ಮಾದ ವರ್ಗ) ಎರಡು ಪಟ್ಟಾಗುತ್ತೆ, ಸಿಗ್ಮಾ (ಹರವಿನ ಅಳತೆ) 1.41 ಪಟ್ಟು.

ನಿಮ್ಮ ಬೋರಿಗೆ ಹಾಕಿ ನೋಡಿ. ಸರಾಸರಿ ಸರಿಯಾಗಿ 62.015ರಲ್ಲಿ ಇದೆ ಅನ್ಕೊಳಿ, ಎರಡೂ ಕಡೆ 15 ಮೈಕ್ರಾನ್ ಜಾಗ. ಸಿಗ್ಮಾ 3 ಮೈಕ್ರಾನ್ ಇದ್ರೆ 15ನ್ನ ಮೂರು ಸಿಗ್ಮಾದಿಂದ, ಅಂದ್ರೆ 9ರಿಂದ ಭಾಗಿಸಿ, ಸಿಪಿಕೆ 1.67. ಕಸ್ಟಮರ್ ಕೇಳಿದ್ದು ಅಷ್ಟೇ. ಅದೇ ಮೆಷಿನ್, ಅದೇ ಟೂಲ್, ಆಪರೇಟರ್ ಪ್ರತಿ ಪೀಸಿಗೂ ಪೂರ್ತಿ ಆಫ್‌ಸೆಟ್ ಕೊಟ್ರೆ ಸಿಗ್ಮಾ 4.24 ಆಗುತ್ತೆ, ಸಿಪಿಕೆ 1.18ಕ್ಕೆ ಬೀಳುತ್ತೆ. ನಿಮಗೆ 1.1 ಬರ್ತಿದೆ ಅಂದ್ರಿ. ಮೆಷಿನ್ ಕೆಟ್ಟಿಲ್ಲದೇ ಇರಬಹುದು, ಹುಡುಗರು ಶ್ರದ್ಧೆಯಿಂದ ಕೆಲಸ ಮಾಡ್ತಿದ್ದಾರೆ, ಆ ಶ್ರದ್ಧೆಯೇ ಇಲ್ಲಿ ಏರಿಳಿತ ಹೆಚ್ಚಿಸ್ತಿದೆ. ಅವರನ್ನ ಬೈಬೇಡಿ, ಅವರಿಗೆ ಯಾವಾಗ ಮುಟ್ಟಬಾರದು ಅಂತ ಯಾರೂ ಹೇಳ್ಕೊಟ್ಟಿಲ್ಲ.

ಅಮೆರಿಕದ ಶೆವಾರ್ಟ್ 1924ರಲ್ಲಿ ಕಂಟ್ರೋಲ್ ಚಾರ್ಟ್ ಕೊಟ್ಟಿದ್ದೇ ಈ ಪ್ರಶ್ನೆಗೆ, ಯಾವ ಏರಿಳಿತಕ್ಕೆ ಕೈ ಹಾಕಬೇಕು, ಯಾವುದನ್ನ ಬಿಡಬೇಕು ಅಂತ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಕರೆಯ ಮೇಲೆ 1947-48ರಲ್ಲಿ ಶೆವಾರ್ಟ್ ಅವರೇ ಭಾರತಕ್ಕೆ ಬಂದಿದ್ರು. ನಮ್ಮ ಹೊಸೂರಲ್ಲೇ ಇರೋ ಟಿವಿಎಸ್ ಮೋಟಾರ್‌ಗೆ 2002ರಲ್ಲಿ ಡೆಮಿಂಗ್ ಪ್ರೈಜ್ (ಜಪಾನಿನ ಕ್ವಾಲಿಟಿ ಪ್ರಶಸ್ತಿ) ಬಂತು. ಇಷ್ಟು ಹತ್ರ ಇರೋ ವಿದ್ಯೆ ಪಕ್ಕದ ಗಲ್ಲಿಯ ಜಾಬ್ ಶಾಪಿಗೆ ಇಳಿದಿಲ್ಲ ಅನ್ನೋದು ನನಗೆ ಇವತ್ತಿಗೂ ನೋವು.

ಬಾಗಲೂರು_ಸೆಟ್ಟರ್:
ಸರ್, ದೊಡ್ಡೋರು ನೀವು, ಆದ್ರೂ ಕೇಳ್ತೀನಿ. ಟೂಲ್ ಸವೆಯೋದು ಸುಳ್ಳಾ? ಬೋರಿಂಗಲ್ಲಿ ಇನ್ಸರ್ಟ್ (ಟೂಲಿನ ಕತ್ತರಿಸೋ ತುದಿ) ಸವೆದಂಗೆ ಬೋರ್ ಚಿಕ್ಕದಾಗ್ತಾ ಹೋಗುತ್ತೆ, ಅಲ್ಯೂಮಿನಿಯಂ ಆದ್ರೆ ಅಂಚಿಗೆ ಮೆಟೀರಿಯಲ್ ಅಂಟ್ಕೊಂಡು ಇನ್ನೊಂದು ರೀತಿ ಆಟ. ಬೆಳಗ್ಗೆ ಮೆಷಿನ್ ತಣ್ಣಗಿದ್ದಾಗ ಒಂದು ಸೈಜು, ಊಟಕ್ಕೆ ನಿಲ್ಸಿ ಬಂದ್ರೆ ಇನ್ನೊಂದು. ಮುಟ್ಟದೇ ಬಿಟ್ರೆ ಸಾಯಂಕಾಲಕ್ಕೆ ಬಿನ್ ತುಂಬಾ ರಿಜೆಕ್ಷನ್, ಬೈಸ್ಕೊಳೋದು ನಾವು.

ತಾಳವಾಡಿ_ಎಸ್‌ಕ್ಯೂಸಿ:
ಸರಿಯಾದ ಪ್ರಶ್ನೆ, ನೀವು ಹೇಳಿದ್ದು ಪೂರ್ತಿ ನಿಜ. ಮುಟ್ಟಲೇಬೇಡಿ ಅಂತ ನಾನು ಹೇಳ್ತಿಲ್ಲ. ಸವೆತ ಒಂದೇ ದಿಕ್ಕಿಗೆ ಹೋಗುತ್ತೆ, ಅದು ಚಾರ್ಟಲ್ಲಿ ಇಳಿಜಾರಾಗಿ ಕಾಣುತ್ತೆ. ಒಂದು ಪೀಸು ನೋಡಿದ್ರೆ ಇಳಿಜಾರು ಕಾಣಲ್ಲ, ಹತ್ತಾರು ಪೀಸು ಸಾಲಾಗಿ ನೋಡಿದ್ರೆ ಕಾಣುತ್ತೆ.

ಚಾರ್ಟ್ ಹಾಕೋಕೆ ಆಗಲ್ಲ ಅನ್ನೋ ಕಡೆ ಪ್ರೀ ಕಂಟ್ರೋಲ್ ಮಾಡಿ. ಟಾಲರೆನ್ಸಿನ ನಡುವಿನ ಅರ್ಧ ಹಸಿರು, ಅಂದ್ರೆ ನಿಮಗೆ 62.0075 ಇಂದ 62.0225. ಅದರ ಆಚೆ ಈಚೆ ಹಳದಿ, ಟಾಲರೆನ್ಸ್ ದಾಟಿದ್ರೆ ಕೆಂಪು. ಸೆಟ್ಟಿಂಗ್ ಆದ್ಮೇಲೆ ಸಾಲಾಗಿ ಐದು ಪೀಸು ಹಸಿರು ಬಂದ್ರೆ ಓಡ್ಸಿ. ಆಮೇಲೆ ಆಗಾಗ ಎರಡೆರಡು ಪೀಸು ನೋಡಿ. ಮೊದಲನೇದು ಹಸಿರಾದ್ರೆ ಮುಟ್ಟಬೇಡಿ. ಎರಡೂ ಒಂದೇ ಕಡೆ ಹಳದಿ ಬಂದ್ರೆ ಆಗ ಆಫ್‌ಸೆಟ್ ಕೊಡಿ. ಒಂದು ಮೇಲಿನ ಹಳದಿ, ಒಂದು ಕೆಳಗಿನ ಹಳದಿ ಬಂದ್ರೆ ಆಫ್‌ಸೆಟ್‌ನಿಂದ ಅದು ಸರಿಹೋಗಲ್ಲ, ಮೆಷಿನ್ ನಿಲ್ಸಿ ಕ್ಲಾಂಪು, ಟೂಲು, ಗೇಜು ನೋಡಿ. ಕೆಂಪು ಬಂದ್ರೆ ನಿಲ್ಸಿ. ಬೆಳಗ್ಗೆ ಮತ್ತು ಊಟದ ನಂತರ ಸ್ಪಿಂಡಲ್ ವಾರ್ಮಪ್ ಓಡ್ಸಿ, ಅದಕ್ಕೂ ಆಫ್‌ಸೆಟ್ಟೇ ಮದ್ದು ಅನ್ಕೋಬೇಡಿ. ಜಾ ಕೆಲಸ ಮುಗಿಸಿ, ಪ್ರೋಸೆಸ್ ಒಂದು ಹದಕ್ಕೆ ಬಂದ್ಮೇಲೆ ಇದನ್ನ ಹಾಕಿ, ಅದಕ್ಕೂ ಮುಂಚೆ ಹಾಕಿದ್ರೆ ಬರೀ ನಿಲ್ಸೋದೇ ಆಗುತ್ತೆ.

ಬಾಗಲೂರು_ಸೆಟ್ಟರ್:
ಈ ಹಸಿರು ಹಳದಿ ಆದ್ರೆ ನಮ್ಮ ಹುಡುಗ್ರಿಗೆ ಹೇಳ್ಬಹುದು ಸರ್. ಒಂದು ಸೇರಿಸ್ತೀನಿ, ಲೇತಿಂದ ವಿಎಂಸಿಗೆ (ಟೂಲ್ ತಿರುಗೋ ಮಿಲ್ಲಿಂಗ್ ಮೆಷಿನ್) ಹೋಗೋ ಹುಡುಗ್ರಿಗೆ ಇದು ಮೊದ್ಲೇ ಹೇಳಿ. ಲೇತಲ್ಲಿ ಎಕ್ಸ್ ಆಫ್‌ಸೆಟ್ 5 ಮೈಕ್ರಾನ್ ಕೊಟ್ರೆ ಸಾಮಾನ್ಯವಾಗಿ ಡಯಾ 5 ಬದಲಾಗುತ್ತೆ. ವಿಎಂಸಿಯಲ್ಲಿ ಕಟ್ಟರ್ ಕಾಂಪನ್ಸೇಷನ್ ಹೆಚ್ಚಾಗಿ ರೇಡಿಯಸ್ ಲೆಕ್ಕ, 5 ಕೊಟ್ರೆ ಬೋರ್ 10 ಬದಲಾಗುತ್ತೆ.

ಮಡಕಶಿರಾ_ಕ್ಯೂಎ:
ಆ ಸೆಟ್ಟಿಂಗ್ ಶೀಟ್ ಯಾವ ಭಾಷೆಯಲ್ಲಿ ಹಾಕ್ತೀರಿ ಅಣ್ಣ? ನಮ್ಮಲ್ಲಿ ಕನ್ನಡ, ತೆಲುಗು ಹುಡುಗ್ರು ಇದ್ದಾರೆ, ಹಿಂದಿಯವ್ರೂ ಇದ್ದಾರೆ, ವರ್ಕ್ ಇನ್‌ಸ್ಟ್ರಕ್ಷನ್ ಮಾತ್ರ ಇಂಗ್ಲಿಷಲ್ಲಿ ಲ್ಯಾಮಿನೇಟ್ ಮಾಡಿ ತೂಗು ಹಾಕಿರ್ತಿದ್ರು. ಆಡಿಟರ್ ಓದ್ತಾರೆ, ಆಪರೇಟರ್ ಓದಲ್ಲ. ನಾನು ಕನ್ನಡ ತೆಲುಗು ಎರಡರಲ್ಲೂ ಬರೆದು, ಗೇಜ್ ಡಯಲ್ ಮೇಲೇ ಬಣ್ಣದ ಸ್ಟಿಕ್ಕರ್ ಹಚ್ಚಿಸ್ದೆ. ಆಡಿಟರ್‌ಗಳು ಯಾರೂ ಬೇಡ ಅನ್ನಲಿಲ್ಲ, ರಿವಿಷನ್ ನಂಬರ್ ಸರಿ ಇದೆಯಾ ಅಂತಷ್ಟೇ ಕೇಳಿದ್ರು.

ಹೊಸೂರು_ಟರ್ನರ್:
ಎಲ್ರಿಗೂ ಅಪ್‌ಡೇಟ್. ಎಲ್ಲಾ ಒಟ್ಟಿಗೆ ಬದಲಾಯಿಸದೆ ಒಂದೊಂದಾಗಿ ಮಾಡಿದ್ವಿ, ಯಾವುದ್ರಿಂದ ಎಷ್ಟು ಬಂತು ಅಂತ ಗೊತ್ತಾಗ್ಬೇಕಲ್ಲ. ಮೊದ್ಲು ತ್ರೀ ಪಾಯಿಂಟ್ ಮೈಕ್ರೋಮೀಟರ್ ಹಾಕಿ ತಿರುಗಿಸಿದ್ರೆ ರೀಡಿಂಗ್ ಏರಿ ಇಳೀತು, ಜಾ ಹಿಡಿದಿದ್ದ ಮೂರು ಜಾಗಕ್ಕೂ ಸರಿಯಾಗಿ ಕೂರ್ತಿತ್ತು, ಜಾ ಗುರುತು ಪೀಸಿನ ಹೊರಗೆ ಕಣ್ಣಿಗೇ ಕಾಣುತ್ತೆ. ಪೈ ಜಾ ಮಾಡ್ಸಿ, ಫಿನಿಶ್‌ಗೆ ಬೇರೆ ಸೆಟಪ್ಪು ಕಮ್ಮಿ ಪ್ರೆಶರ್ ಇಟ್ಮೇಲೆ ಸರ್ಕ್ಯುಲಾರಿಟಿ ಒಳಗೆ ಬಂತು. ಫೀಡ್ 0.1ಕ್ಕೆ ಇಳಿಸಿದ್ವಿ. ಅಲ್ಯೂಮಿನಿಯಂ ಮಾಸ್ಟರ್ ಕೂಲೆಂಟ್ ಹತ್ರಾನೇ ಇಟ್ಟಿದೀವಿ.

ಆಮೇಲೆ ಒಂದು ಶಿಫ್ಟ್ ಆಫ್‌ಸೆಟ್ ಪೇಜ್ ಲಾಕ್ ಮಾಡಿ, ತಾಳವಾಡಿ ಸರ್ ಹೇಳಿದ ಹಸಿರು ಹಳದಿ ರೂಲ್ ಪ್ರಕಾರ ನಾನೇ ನಿಂತು ಓಡ್ಸಿದೆ. ಹುಡುಗ್ರಿಗೆ ಕೈ ಕಟ್ಟಿ ಹಾಕ್ದಂಗೆ ಆಗಿತ್ತು, ಒಬ್ಬ ಅಂತೂ ಪ್ರತಿ ರೀಡಿಂಗಿಗೂ ನನ್ನ ಮುಖ ನೋಡ್ತಿದ್ದ. 30 ಪೀಸಿನ ಮೇಲೆ ಸಿಪಿಕೆ 1.5 ಬಂತು. ಸೈಕಲ್ ಟೈಮ್ ಸ್ವಲ್ಪ ಏರಿದೆ, ಆಫೀಸಲ್ಲಿ ಅದಕ್ಕೆ ಮಾತು ಬಂತು, ವಾಪಸ್ ಬಂದ ಲಾಟಿನ ಲೆಕ್ಕ ಮುಂದೆ ಇಟ್ಟೆ, ಸುಮ್ನಾದ್ರು. ಎಂ00 ಇದ್ದ ಜಾಗದಲ್ಲಿ ಈಗ ಕಾಮೆಂಟ್ ಇದೆ, ಕ್ಲಾಂಪ್ ಸಡಿಲ ಮಾಡಿದ್ದು ಯಾಕೆ ಅಂತ, ಹಳೇ ಸೆಟ್ಟರ್ ಸಾಹೇಬ್ರಿಗೆ ಫೋನ್ ಮಾಡಿ ಕೇಳಿ ಬರ್ಸಿದ್ದು. ಇನ್ನು 1.5 ಇಂದ 1.67ಕ್ಕೆ ಏನ್ ಮಾಡ್ಲಿ?

ತಾಳವಾಡಿ_ಎಸ್‌ಕ್ಯೂಸಿ:
ಮೊದಲು ಆ 1.5 ನಿಜವಾ ನೋಡಿ. 30 ಪೀಸಿನ ಸಿಪಿಕೆ 1.5 ಅಂದ್ರೆ 95 ಪರ್ಸೆಂಟ್ ನಂಬಿಕೆಯಲ್ಲಿ ಅದು 1.1 ಇಂದ 1.9 ಒಳಗೆ ಎಲ್ಲಿ ಬೇಕಾದ್ರೂ ಇರಬಹುದು, ಅಷ್ಟು ಅಗಲ. 125 ಪೀಸು ತಗೊಳಿ, ಐದೈದು ಪೀಸಿನ 25 ಗುಂಪು, ಬೇರೆ ಬೇರೆ ಶಿಫ್ಟಲ್ಲಿ, ಟೂಲ್ ಬದಲಾವಣೆಯೂ ಒಂದು ಸಲ ನಡುವೆ ಬರಲಿ. ಆಗ ಅದೇ 1.5 ಬಂದ್ರೆ 1.3 ಇಂದ 1.7 ಒಳಗೆ ಅಂತ ಹೇಳಬಹುದು. ಚಾರ್ಟ್ ಹಾಕಿ ಫೋಟೋ ಇಲ್ಲಿ ಹಾಕಿ, ಸರಾಸರಿ 62.015ರಿಂದ ಸರಿದಿದೆಯೋ ಅಥವಾ ಹರವೇ ಜಾಸ್ತಿ ಇದೆಯೋ ಅಂತ ನೋಡಿ ಹೇಳ್ತೀನಿ. ಸರಿದಿದ್ರೆ ಒಂದೇ ಸಲ ಆಫ್‌ಸೆಟ್ ಕೊಟ್ರೆ ಮುಗೀತು.

ಜತ್ತ_ಮಷಿನ್‌ಶಾಪ್:
ಆ ಪೈ ಜಾ ಫೋಟೋನೂ ಹಾಕ್ರಿ ಅಣ್ಣಾವ್ರ, ನಮ್ಮ ಹುಡುಗ್ರಿಗೆ ತೋರಸ್ತೇನಿ.